ಕಾರ್ಡ್ ಹಾಕಿದರೂ ಪೋರ್ಟ್ ಸತ್ತಂತಿದೆ, ಡ್ರೈವ್ ಕಾಣುತ್ತಿಲ್ಲ: ದೋಷ ಹುಡುಕುವ ಕ್ರಮ

ಡೆಸ್ಕ್‌ಟಾಪ್‌ಗೆ ಇನ್ನೂ ನಾಲ್ಕು ಯುಎಸ್‌ಬಿ ಪೋರ್ಟ್ ಬೇಕು. ಇಲ್ಲವೇ ಮದರ್‌ಬೋರ್ಡಿನ ಸಾಟಾ ಕನೆಕ್ಟರ್‌ಗಳೆಲ್ಲ ತುಂಬಿಹೋಗಿವೆ, ಇನ್ನೆರಡು ಹಾರ್ಡ್ ಡಿಸ್ಕ್‌ಗೆ ಜಾಗ ಬೇಕು. ಒಂದು ಕಾರ್ಡ್ ತಂದು ಸ್ಲಾಟ್‌ಗೆ ಕೂರಿಸಿದರೆ ಮುಗಿಯಬೇಕಾದ ಕೆಲಸ ಇದು. ಆದರೆ ಆನ್ ಮಾಡಿದಾಗ ಪೆನ್‌ಡ್ರೈವ್ ಹತ್ತುವುದಿಲ್ಲ, ಡಿಸ್ಕ್ ಪಟ್ಟಿಯಲ್ಲಿ ಬರುವುದಿಲ್ಲ, ಕೆಲವೊಮ್ಮೆ ಕಂಪ್ಯೂಟರೇ ಲೋಗೋ ಪರದೆಯಲ್ಲಿ ನಿಂತುಬಿಡುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಡ್ರೈವರ್ ಹುಡುಕುವುದು. ಹುಡುಕಾಟ ದಾರಿ ತಪ್ಪುವುದು ಅಲ್ಲೇ. ವಿಂಡೋಸ್ 10, 11 ಅಥವಾ ಈಚಿನ ಲಿನಕ್ಸ್ ಇದ್ದರೆ ಸಾಮಾನ್ಯ ಯುಎಸ್‌ಬಿ, ಸಾಟಾ ಕಾರ್ಡ್‌ಗಳಿಗೆ ಬೇಕಾದ ಡ್ರೈವರ್ ಸಿಸ್ಟಂ ಒಳಗೇ ಇರುತ್ತದೆ. ಮೊದಲು ಅನುಮಾನಿಸಬೇಕಾದದ್ದು ಸ್ಲಾಟ್, ಕರೆಂಟ್, ಕೇಬಲ್ ಈ ಮೂರನ್ನು.

ಹುಡುಕುವಾಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಮದರ್‌ಬೋರ್ಡಿಗೆ ಕಾರ್ಡ್ ಕಾಣುತ್ತಿದೆಯೇ? ಕಾರ್ಡಿಗೆ ಅದರ ಹಿಂದಿರುವ ಡಿಸ್ಕ್ ಅಥವಾ ಪೆನ್‌ಡ್ರೈವ್ ಕಾಣುತ್ತಿದೆಯೇ? ಕಂಡದ್ದನ್ನು ಆಪರೇಟಿಂಗ್ ಸಿಸ್ಟಂ ಬಳಸಲು ಕೊಡುತ್ತಿದೆಯೇ? ಮೊದಲನೆಯದಕ್ಕೆ ಉತ್ತರ ಸಿಗದೆ ಮೂರನೆಯದಕ್ಕೆ ಹಾರಿದರೆ ಇಡೀ ದಿನ ಕಳೆದರೂ ಕೈಗೆ ಏನೂ ಹತ್ತುವುದಿಲ್ಲ. ಇನ್ನೊಂದು ನಿಯಮವನ್ನು ದಯವಿಟ್ಟು ಮುರಿಯಬೇಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಸ್ಲಾಟ್, ಬಯಾಸ್ (ಆನ್ ಆದೊಡನೆ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಮುಂದೆ ಅದೇ ದೋಷ ಬಂದರೆ ಮತ್ತೆ ಮೊದಲಿನಿಂದ ಹುಡುಕಬೇಕು.

ಕೈ ಹಾಕುವ ಮುನ್ನ

ಕಂಪ್ಯೂಟರ್ ಆಫ್ ಮಾಡಿ, ಪವರ್ ಸಪ್ಲೈನ ಹಿಂದಿನ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಚಾರ್ಜ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ವಿಂಡೋಸ್‌ನಲ್ಲಿ ‘ಶಟ್ ಡೌನ್’ ಕೊಟ್ಟಾಗ ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್‌ನ ತಿರುಳಾದ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದುಕೊಳ್ಳುತ್ತದೆ. ಮುಂದಿನ ಸಲ ಆನ್ ಆದಾಗ ಹಾರ್ಡ್‌ವೇರ್ ಬದಲಾದದ್ದು ಸರಿಯಾಗಿ ಗಮನಕ್ಕೆ ಬಾರದೆ ಹೋಗಬಹುದು. ಶಿಫ್ಟ್ ಕೀ ಒತ್ತಿಕೊಂಡು ಶಟ್ ಡೌನ್ ಕ್ಲಿಕ್ ಮಾಡಿದರೆ ಪೂರ್ತಿ ಆಫ್ ಆಗುತ್ತದೆ. ಕಾರ್ಡ್ ಹಾಕಿದ ಮೇಲೆ ಒಮ್ಮೆ ‘ರೀಸ್ಟಾರ್ಟ್’ ಕೊಡುವುದೂ ಅದೇ ಕೆಲಸ ಮಾಡುತ್ತದೆ.

ಮದರ್‌ಬೋರ್ಡಿಗೆ ಕಾರ್ಡ್ ಕಾಣುತ್ತಿದೆಯೇ?

ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಯುಎಸ್‌ಬಿ ಕಾರ್ಡ್ ಆದರೆ ‘ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಅಡಿಯಲ್ಲಿ ಇನ್ನೊಂದು ಹೋಸ್ಟ್ ಕಂಟ್ರೋಲರ್ ಸೇರಿರಬೇಕು. ಸಾಟಾ ಕಾರ್ಡ್ ಆದರೆ ಎಎಚ್‌ಸಿಐ ಅಥವಾ ಸ್ಟೋರೇಜ್ ಕಂಟ್ರೋಲರ್ ಪಟ್ಟಿಯಲ್ಲಿ ಹೊಸ ಸಾಲು ಬಂದಿರಬೇಕು. ಯಾವ ಸಾಲು ಯಾವ ಕಾರ್ಡಿನದು ಎಂಬ ಗೊಂದಲವಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ ಸಂಖ್ಯೆ 1ಬಿ21 ಇದ್ದರೆ ಎಎಸ್‌ಮೀಡಿಯಾ ಚಿಪ್, 1912 ಇದ್ದರೆ ರೆನೆಸಾಸ್, 1106 ಇದ್ದರೆ ವಿಐಎ, 197ಬಿ ಇದ್ದರೆ ಜೆಮೈಕ್ರಾನ್, 1ಬಿ4ಬಿ ಇದ್ದರೆ ಮಾರ್ವೆಲ್. ಡಬ್ಬಿಯ ಮೇಲೆ ಯಾರ ಹೆಸರಿದ್ದರೂ ಕೆಲಸ ಮಾಡುವುದು ಈ ಚಿಪ್. ಡ್ರೈವರ್ ಬೇಕಾದರೂ ಇದೇ ಸಂಖ್ಯೆ ಹಿಡಿದು ಹುಡುಕಬೇಕು. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಇದನ್ನೆಲ್ಲ ಒಂದೇ ಸಾಲಿನಲ್ಲಿ ತೋರಿಸುತ್ತದೆ. ವಿಂಡೋಸ್ ಮೇಲೆ ಅನುಮಾನವಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಎಬ್ಬಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಆ ಪೆನ್‌ಡ್ರೈವನ್ನು ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ.

ಪಟ್ಟಿಯಲ್ಲಿ ಏನೂ ಇಲ್ಲ, ಹಳದಿ ಗುರುತಿನ ಅಪರಿಚಿತ ಸಾಧನವೂ ಇಲ್ಲ ಎಂದಾದರೆ ಸಾಫ್ಟ್‌ವೇರ್ ಕಡೆಗೆ ತಿರುಗಿಯೂ ನೋಡಬೇಡಿ. ಕಾರ್ಡ್ ಸ್ಲಾಟ್‌ನಲ್ಲಿ ಪೂರ್ತಿ ಕೂತಿಲ್ಲದಿರಬಹುದು. ಇಲ್ಲಿ ಹೆಚ್ಚಾಗಿ ಮೋಸ ಮಾಡುವುದು ಹಿಂಬದಿಯ ಲೋಹದ ಬ್ರಾಕೆಟ್. ಅದರ ಕೆಳತುದಿ ಕ್ಯಾಬಿನೆಟ್ಟಿನ ಅಂಚಿಗೆ ಸಿಕ್ಕಿಕೊಂಡರೆ ಕಾರ್ಡಿನ ಒಂದು ಕಡೆ ಮೇಲೆದ್ದಿರುತ್ತದೆ. ಸ್ಕ್ರೂ ಬಿಗಿದಾಗ ಇನ್ನೊಂದು ಕಡೆಯೂ ಏಳುತ್ತದೆ. ಬ್ರಾಕೆಟ್ ಕಳಚಿ, ಬರೀ ಕಾರ್ಡನ್ನು ಒತ್ತಿ ಕೂರಿಸಿ ಪರೀಕ್ಷಿಸಿ. ಆಗ ಕಂಡರೆ ದೋಷ ಬ್ರಾಕೆಟ್ಟಿನದೇ. ಚಿನ್ನದ ಬಣ್ಣದ ಅಂಚಿನಲ್ಲಿ ಮಸುಕಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಇನ್ನೊಂದು ಸ್ಲಾಟ್‌ಗೆ ಹಾಕಿ ನೋಡಿ. ಈ ಕಾರ್ಡ್‌ಗಳು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗಳ ಹೆಸರಿನಲ್ಲಿ ‘ಎಕ್ಸ್’ ನಂತರದ ಅಂಕಿ ಲೇನ್‌ಗಳ, ಅಂದರೆ ಡೇಟಾ ಓಡುವ ದಾರಿಗಳ, ಎಣಿಕೆ. ಎಕ್ಸ್1 ಕಾರ್ಡ್ ಎಕ್ಸ್4, ಎಕ್ಸ್16 ಸ್ಲಾಟ್‌ಗಳಲ್ಲೂ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಇದನ್ನು ನಂಬದೆ ಖಾಲಿ ಉದ್ದ ಸ್ಲಾಟನ್ನು ಹಾಗೇ ಬಿಟ್ಟವರು ಬಹಳ. ಉದ್ದ ನೋಡಿ ಮೋಸಹೋಗಲೂಬಾರದು. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಎರಡನೇ ಎಕ್ಸ್16 ಸ್ಲಾಟ್ ಆಕಾರದಲ್ಲಿ ಮಾತ್ರ ಎಕ್ಸ್16; ಒಳಗೆ ವೈರಿಂಗ್ ಇರುವುದು ನಾಲ್ಕೇ ಲೇನ್‌ಗೆ, ಕೆಲವೆಡೆ ಒಂದಕ್ಕೇ. ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಹಾಕಿದೊಡನೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಅಥವಾ ಎರಡು ಸಾಟಾ ಪೋರ್ಟ್ ಬಂದ್ ಆಗುವ ಬೋರ್ಡ್‌ಗಳೂ ಇವೆ. ಕಾರಣ ಚಿಪ್‌ಸೆಟ್‌ನ ಲೇನ್‌ಗಳು ಲೆಕ್ಕದಷ್ಟೇ ಇರುತ್ತವೆ, ಒಂದನ್ನೇ ಇಬ್ಬರಿಗೆ ಹಂಚಿರುತ್ತಾರೆ. ಈ ಹಂಚಿಕೆಯ ಪಟ್ಟಿ ಮದರ್‌ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕಾರ್ಡ್ ಕೊಳ್ಳುವ ಮುಂಚೆ ಓದಬೇಕಾದ ಪುಟ ಅದೊಂದೇ. ಸ್ಲಾಟನ್ನು ಬಯಾಸ್‌ನಲ್ಲೇ ‘ಡಿಸೇಬಲ್’ ಮಾಡಿರುವ ಸಾಧ್ಯತೆಯನ್ನೂ ನೋಡಿ, ಕಂಪನಿ ಬ್ರ್ಯಾಂಡಿನ ಆಫೀಸ್ ಮಷಿನ್‌ಗಳಲ್ಲಿ ಮುಖ್ಯವಾಗಿ.

ಸರ್ವರ್‌ಗಳಿಂದ ಕಳಚಿ ಮಾರುವ ಎಸ್‌ಎಎಸ್ ಕಾರ್ಡ್‌ಗಳಿಗೆ (ಸರ್ವರ್ ಡಿಸ್ಕ್‌ಗಳ ಕಾರ್ಡ್, ಸಾಟಾ ಡಿಸ್ಕನ್ನೂ ನಡೆಸುತ್ತದೆ) ಒಂದು ವಿಶೇಷ ಕಾಯಿಲೆ ಇದೆ. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅವು ಕಾಣುವುದಿಲ್ಲ, ಕೆಲವದರಲ್ಲಿ ಬೂಟ್ ಆಗಲೂ ಬಿಡುವುದಿಲ್ಲ. ಕಾರ್ಡಿನ ಎಸ್‌ಎಂಬಸ್ (ಬೋರ್ಡಿನ ಭಾಗಗಳ ನಡುವಿನ ನಿಯಂತ್ರಣದ ತಂತಿ) ಸಿಗ್ನಲ್ ಮದರ್‌ಬೋರ್ಡಿನದರ ಜೊತೆ ಡಿಕ್ಕಿ ಹೊಡೆಯುವುದು ಇದಕ್ಕೆ ಕಾರಣ. ಅಂಚಿನ ಬಿ ಬದಿಯ (ಚಿಪ್ ಇರುವ ಬದಿ) 5 ಮತ್ತು 6ನೇ ಪಿನ್‌ಗಳ ಮೇಲೆ ತೆಳುವಾದ ಶಾಖ ನಿರೋಧಕ ಟೇಪ್ ಅಂಟಿಸಿದರೆ ಎಸ್‌ಎಂಬಸ್ ಸಂಪರ್ಕವಷ್ಟೇ ತಪ್ಪುತ್ತದೆ, ಡೇಟಾ ಓಡಾಟಕ್ಕೆ ಧಕ್ಕೆಯಿಲ್ಲ. ಬೇರೆಲ್ಲ ಮುಗಿದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಪಿನ್ ಎಣಿಸುವಾಗ ಎರಡು ಸಲ ನೋಡಿ.

ಹಳದಿ ತ್ರಿಕೋನ ಬಂದಿದ್ದರೆ ಕೋಡ್ ಓದಿ. 28 ಎಂದರೆ ಡ್ರೈವರ್ ಇಲ್ಲ. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0 ಡ್ರೈವರ್ ಸಿಸ್ಟಂ ಜೊತೆಗೆ ಬರುತ್ತಿರಲಿಲ್ಲ, ವಿಂಡೋಸ್ 8ರಿಂದ ಸೇರಿತು; ಹಾಗಾಗಿ ಹಳೆಯ ಮಷಿನ್‌ನಲ್ಲಿ 28 ಸಹಜ. 12 ಎಂದರೆ ಸಾಧನಕ್ಕೆ ಬೇಕಾದ ಸಂಪನ್ಮೂಲ ಉಳಿದಿಲ್ಲ. ಬಯಾಸ್ ಅಪ್‌ಡೇಟ್ ಮಾಡಿ, ಬಳಸದ ಸೀರಿಯಲ್ ಪೋರ್ಟ್‌ನಂಥವನ್ನು ಬಯಾಸ್‌ನಲ್ಲಿ ಆಫ್ ಮಾಡಿ. 10 ಮತ್ತು 43 ಬಂದರೆ ಸಾಧನ ಇದೆ ಆದರೆ ಶುರುವಾಗುತ್ತಿಲ್ಲ, ಅಥವಾ ತಾನೇ ತೊಂದರೆ ಇದೆ ಎಂದು ಹೇಳಿದೆ ಎಂದರ್ಥ. ಇವೆರಡಕ್ಕೂ ಮೊದಲು ಕರೆಂಟ್ ಪರೀಕ್ಷಿಸಿ, ಆಮೇಲೆ ಡ್ರೈವರ್.

ಕಾರ್ಡ್ ಇದೆ, ಪೋರ್ಟ್ ಸತ್ತಿದೆ: ಕರೆಂಟಿನ ಕಥೆ

ಈ ಭಾಗವನ್ನು ನಿಧಾನವಾಗಿ ಓದಿ. ಇಲ್ಲಿನ ತಪ್ಪು ಡಿಸ್ಕ್ ಸುಡಬಲ್ಲದು.

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು 12 ವೋಲ್ಟ್ ಮತ್ತು 3.3 ವೋಲ್ಟ್. 5 ವೋಲ್ಟ್ ಅದರಲ್ಲಿ ಇಲ್ಲವೇ ಇಲ್ಲ. ಯುಎಸ್‌ಬಿಗೆ ಬೇಕಾದದ್ದು 5 ವೋಲ್ಟ್. ಆದ್ದರಿಂದ ಯುಎಸ್‌ಬಿ ಕಾರ್ಡ್ ಒಂದೋ ತನ್ನ ಮೇಲೆಯೇ 5 ವೋಲ್ಟ್ ತಯಾರಿಸಿಕೊಳ್ಳಬೇಕು, ಇಲ್ಲವೇ ಪವರ್ ಸಪ್ಲೈನಿಂದ ಬೇರೆ ವೈರಿನಲ್ಲಿ ತರಿಸಿಕೊಳ್ಳಬೇಕು. ಕಾರ್ಡಿನ ಹಿಂದೆ ಸಾಟಾ ಪವರ್ ಅಥವಾ ನಾಲ್ಕು ಪಿನ್‌ನ ಮೊಲೆಕ್ಸ್ ಕನೆಕ್ಟರ್ ಇರುವುದು ಇದಕ್ಕೇ. ಅದನ್ನು ಖಾಲಿ ಬಿಟ್ಟರೆ ಚಿಪ್‌ಗೆ ಸ್ಲಾಟ್‌ನಿಂದ ಕರೆಂಟ್ ಸಿಗುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ ಪೋರ್ಟಿಗೆ ಹಾಕಿದ ಪೆನ್‌ಡ್ರೈವ್‌ನ ದೀಪವೂ ಹತ್ತುವುದಿಲ್ಲ. ‘ಕಾರ್ಡ್ ಇದೆ, ಡ್ರೈವರ್ ಇದೆ, ಪೋರ್ಟ್ ಮಾತ್ರ ಇಲ್ಲ’ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಆ ಖಾಲಿ ಕನೆಕ್ಟರ್.

ಲೆಕ್ಕ ಹಾಕಿದರೆ ಕಾರಣ ಇನ್ನೂ ಸ್ಪಷ್ಟ. ಯುಎಸ್‌ಬಿ 3.0 ಪೋರ್ಟ್ ಒಂದು 900 ಮಿಲಿಆಂಪಿಯರ್‌ವರೆಗೆ, ಅಂದರೆ 4.5 ವಾಟ್ ಕೊಡಬೇಕು. ನಾಲ್ಕು ಪೋರ್ಟಿಗೆ 18 ವಾಟ್. ಎಕ್ಸ್1 ಕಾರ್ಡ್ ಒಂದು ಆನ್ ಆಗುವ ಹೊತ್ತಿಗೆ ಸ್ಲಾಟ್‌ನಿಂದ 10 ವಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಪವರ್ ಕನೆಕ್ಟರೇ ಇಲ್ಲದ ಕಾರ್ಡಿಗೆ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕಿದಾಗ ಒಂದು ಟಿಕ್ ಟಿಕ್ ಎಂದು ನಿಂತರೆ ಆಶ್ಚರ್ಯವಿಲ್ಲ. ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ನಡೆಯುತ್ತವೆ, ಡಿಸ್ಕ್ ಮಾತ್ರ ನಡೆಯುವುದಿಲ್ಲ ಎಂಬುದೇ ಕರೆಂಟ್ ಸಾಲದ್ದರ ಗುರುತು. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಅದೇ ಡಿಸ್ಕ್ ಹಾಕಿ. ನಡೆದರೆ ರೋಗ ಪತ್ತೆಯಾದಂತೆ.

ಒಳಗಿನ ಡಿಸ್ಕ್‌ಗಳ ವಿಷಯಕ್ಕೆ ಬಂದರೆ, ಸಾಟಾ ಕಾರ್ಡ್ ಡೇಟಾ ಮಾತ್ರ ಸಾಗಿಸುತ್ತದೆ. ಡಿಸ್ಕಿಗೆ ಕರೆಂಟ್ ನೇರವಾಗಿ ಪವರ್ ಸಪ್ಲೈನಿಂದಲೇ ಬರಬೇಕು. ವೈರ್ ಸಾಲದೆ ಸ್ಪ್ಲಿಟರ್ ಹಾಕುವವರು ಒಂದು ಅಂಕಿ ನೆನಪಿಡಿ: ಸಾಟಾ ಪವರ್ ಕನೆಕ್ಟರ್‌ನಲ್ಲಿ ಪ್ರತಿ ವೋಲ್ಟೇಜಿಗೂ ಮೂರು ಪಿನ್, ಪಿನ್ ಒಂದಕ್ಕೆ 1.5 ಆಂಪಿಯರ್, ಒಟ್ಟು 4.5. ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದು ಸಾಟಾ ತುದಿಯನ್ನು ಎರಡು ಡಿಸ್ಕಿಗೆ ಹಂಚಿದರೆ ಅಲ್ಲಿಗೆ ಮಿತಿ ಮುಗಿಯಿತು. ನಾಲ್ಕಕ್ಕೆ ಹಂಚುವ ಸ್ಪ್ಲಿಟರ್‌ಗಳು ಮಾರಾಟಕ್ಕಿವೆ ಎಂದ ಮಾತ್ರಕ್ಕೆ ಬಳಸಬೇಕೆಂದೇನಿಲ್ಲ. ಆನ್ ಆಗುವಾಗ ಡಿಸ್ಕ್‌ಗಳು ಒಮ್ಮೆ ಕಂಡು ಒಮ್ಮೆ ಮಾಯವಾದರೆ, ತಿರುಗಲು ಶುರುಮಾಡಿ ನಿಂತು ಮತ್ತೆ ಶುರುಮಾಡಿದರೆ, ಇದನ್ನೇ ಅನುಮಾನಿಸಿ. ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಅನಿವಾರ್ಯವಾದರೆ, ವೈರ್‌ಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮುಚ್ಚಿದ ತುದಿಯದು ಬೇಡ. ಒಳಗೆ ವೈರ್‌ಗಳು ಜರುಗಿ ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಪಿನ್‌ಗಳು ಬೇರೆ ಬೇರೆಯಾಗಿ ಕಾಣುವ, ಕ್ರಿಂಪ್ ಮಾಡಿದ ತುದಿಯದೇ ಇರಲಿ.

ಮಾಡ್ಯುಲರ್ (ಕೇಬಲ್‌ಗಳನ್ನು ಕಳಚಬಹುದಾದ) ಪವರ್ ಸಪ್ಲೈ ಇದ್ದವರು ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಡಿ. ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ಡಿಸ್ಕ್ ಕಡೆಯ ತುದಿ ಎಲ್ಲದರಲ್ಲೂ ಒಂದೇ, ಆದರೆ ಪವರ್ ಸಪ್ಲೈ ಕಡೆಯ ಪಿನ್ ಕ್ರಮಕ್ಕೆ ಯಾವ ಸಾರ್ವತ್ರಿಕ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆಯಿರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಆ ಕ್ಷಣಕ್ಕೇ ಡಿಸ್ಕ್ ಸಾಯುತ್ತದೆ, ಅದರೊಳಗಿನ ಫೋಟೋಗಳೂ ಕಡತಗಳೂ ಕೈ ತಪ್ಪುತ್ತವೆ.

ಕರೆಂಟ್ ಸರಿಯಿದ್ದೂ ಡಿಸ್ಕ್ ತಿರುಗದ ಒಂದು ವಿಚಿತ್ರ ಪ್ರಸಂಗವಿದೆ. 2016ರ ಸಾಟಾ 3.3 ಆವೃತ್ತಿಯಲ್ಲಿ ಪವರ್ ಕನೆಕ್ಟರಿನ 3ನೇ ಪಿನ್‌ಗೆ ಡಿಸ್ಕನ್ನು ದೂರದಿಂದಲೇ ಆಫ್ ಮಾಡುವ ಕೆಲಸ ಕೊಟ್ಟರು. ಹಳೆಯ ಪವರ್ ಸಪ್ಲೈಗಳು ಅದೇ ಪಿನ್‌ನಲ್ಲಿ 3.3 ವೋಲ್ಟ್ ಕೊಡುತ್ತವೆ. ಡಿಸ್ಕ್ ಅದನ್ನು ‘ಆಫ್ ಆಗಿರು’ ಎಂಬ ಆಜ್ಞೆಯಾಗಿ ಓದಿ ಸುಮ್ಮನಿರುತ್ತದೆ. ಡೇಟಾ ಸೆಂಟರ್‌ಗಳಿಗೆಂದು ಮಾಡಿದ ದೊಡ್ಡ ಡಿಸ್ಕ್‌ಗಳಲ್ಲೂ, ಹೊರಗಿನ ಯುಎಸ್‌ಬಿ ಡಬ್ಬಿಯಿಂದ ಕಳಚಿದ ಕೆಲವು ಡಿಸ್ಕ್‌ಗಳಲ್ಲೂ ಇದನ್ನು ಕಾಣಬಹುದು. ಮೊಲೆಕ್ಸ್‌ನಲ್ಲಿ 3.3 ವೋಲ್ಟ್ ಇರುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಒಳ್ಳೆಯ ಅಡಾಪ್ಟರ್ ಮೂಲಕ ಕೊಟ್ಟರೆ ಡಿಸ್ಕ್ ಎದ್ದು ಕೂರುತ್ತದೆ.

ಲೋಗೋದಲ್ಲೇ ನಿಂತರೆ

ಕಾರ್ಡ್ ತೆಗೆದರೆ ಬೂಟ್ ಆಗುತ್ತದೆ, ಹಾಕಿದರೆ ಇಲ್ಲ. ಮೊದಲು ಕಾರ್ಡನ್ನು ಬಿಟ್ಟು ಅದಕ್ಕೆ ಹಾಕಿದ ಡಿಸ್ಕ್‌ಗಳನ್ನು ಮಾತ್ರ ಕಿತ್ತು ನೋಡಿ. ಆಗ ಬೂಟ್ ಆದರೆ ಬಯಾಸ್ ಬೂಟ್ ಕ್ರಮ ಬದಲಿಸಿಕೊಂಡು ಹೊಸ ಡಿಸ್ಕಿನಿಂದ ವಿಂಡೋಸ್ ಹುಡುಕುತ್ತಿದೆ. ಕ್ರಮ ಸರಿಪಡಿಸಿದರೆ ಸಾಕು. ಡಿಸ್ಕ್ ಇಲ್ಲದೆಯೂ ನಿಂತರೆ ಕಾರ್ಡಿನ ಆಪ್ಷನ್ ರಾಮ್, ಅಂದರೆ ಬೂಟ್ ವೇಳೆ ಓಡುವ ಕಾರ್ಡಿನದೇ ಸಣ್ಣ ಪ್ರೋಗ್ರಾಂ, ಕಾರಣವಾಗಿರಬಹುದು. ಬೂಟ್ ಆ ಕಾರ್ಡಿನಿಂದ ಆಗಬೇಕಿಲ್ಲದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಆಪ್ಷನ್ ರಾಮ್ ಆಫ್ ಮಾಡಿ. ಕೀಬೋರ್ಡನ್ನು ಯಾವತ್ತೂ ಮದರ್‌ಬೋರ್ಡಿನ ಪೋರ್ಟಿಗೇ ಹಾಕಿಡಿ, ಏಕೆಂದರೆ ಆಪರೇಟಿಂಗ್ ಸಿಸ್ಟಂ ಏಳುವ ಮುನ್ನ ಕಾರ್ಡಿನ ಯುಎಸ್‌ಬಿ ಪೋರ್ಟ್‌ಗಳು ಎಷ್ಟೋ ಬೋರ್ಡ್‌ಗಳಲ್ಲಿ ಕೆಲಸ ಮಾಡುವುದಿಲ್ಲ.

ಡಿಸ್ಕ್ ತಿರುಗುತ್ತಿದೆ, ‘ದಿಸ್ ಪಿಸಿ’ಯಲ್ಲಿ ಇಲ್ಲ

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಚ್ಚ ಹೊಸ ಡಿಸ್ಕ್ ಆದರೆ ‘ನಾಟ್ ಇನಿಷಿಯಲೈಸ್ಡ್’ ಎಂದು ಕೂತಿರುತ್ತದೆ. ಪಾರ್ಟಿಷನ್ ಪಟ್ಟಿಯ ಬಗೆ ಕೇಳಿದಾಗ ಜಿಪಿಟಿ ಆರಿಸಿ, ಎಂಬಿಆರ್ ಆರಿಸಿದರೆ 2 ಟೆರಾಬೈಟ್‌ ಆಚೆಗಿನ ಜಾಗ ಬಳಕೆಗೆ ಸಿಗುವುದಿಲ್ಲ. ಪಾರ್ಟಿಷನ್ ಇದ್ದೂ ಕಾಣದಿದ್ದರೆ ಡ್ರೈವ್ ಅಕ್ಷರ ಕೊಟ್ಟಿರುವುದಿಲ್ಲ, ಅಷ್ಟೆ.

ಆದರೆ ಒಳಗೆ ಡೇಟಾ ಇರುವ ಹಳೆಯ ಡಿಸ್ಕನ್ನು ವಿಂಡೋಸ್ ‘ಇನಿಷಿಯಲೈಸ್ ಮಾಡಲೇ?’ ಎಂದು ಕೇಳಿದರೆ ಕೈ ತಡೆಯಿರಿ. ಒಪ್ಪಿದರೆ ಪಾರ್ಟಿಷನ್ ಪಟ್ಟಿಯ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಯುಎಸ್‌ಬಿ ಡಬ್ಬಿಯಿಂದ ಕಳಚಿದ ಡಿಸ್ಕ್‌ಗಳಲ್ಲಿ ಇದು ಹೆಚ್ಚು. ಕೆಲವು ಡಬ್ಬಿಗಳ ಚಿಪ್ 512 ಬೈಟ್ ಸೆಕ್ಟರನ್ನು 4096 ಬೈಟ್ ಎಂದು ತೋರಿಸುತ್ತಿರುತ್ತದೆ. ನೇರವಾಗಿ ಸಾಟಾಗೆ ಹಾಕಿದಾಗ ಲೆಕ್ಕ ತಪ್ಪಿ ಪಾರ್ಟಿಷನ್ ಓದಲಾಗುವುದಿಲ್ಲ. ಕೆಲವು ಚಿಪ್‌ಗಳು ಡೇಟಾವನ್ನು ಗೂಢಲಿಪಿಗೆ ಬದಲಿಸಿಯೇ ಬರೆದಿರುತ್ತವೆ. ಮತ್ತೆ ಅದೇ ಡಬ್ಬಿಗೆ ಹಾಕಿ, ಡೇಟಾ ಬೇರೆಡೆಗೆ ನಕಲು ಮಾಡಿ, ಆಮೇಲೆ ಫಾರ್ಮ್ಯಾಟ್ ಮಾಡಿ. ಇದಕ್ಕೆ ಅಡ್ಡದಾರಿ ಹುಡುಕಬೇಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಇಲ್ಲದಿದ್ದರೆ ಡೇಟಾ ಕೇಬಲ್ ಬದಲಿಸಿ. ಎಸ್‌ಎಎಸ್ ಕಾರ್ಡಿನಿಂದ ನಾಲ್ಕು ಸಾಟಾ ತುದಿಗೆ ಒಡೆಯುವ ಕೇಬಲ್‌ಗಳಲ್ಲಿ ‘ಫಾರ್ವರ್ಡ್’, ‘ರಿವರ್ಸ್’ ಎಂದು ಎರಡು ಜಾತಿ. ನೋಡಲು ಒಂದೇ ರೀತಿ, ಒಳಗಿನ ವೈರಿಂಗ್ ಬೇರೆ. ಕಾರ್ಡಿನಿಂದ ಡಿಸ್ಕಿಗೆ ಹೋಗಲು ಬೇಕಾದದ್ದು ಫಾರ್ವರ್ಡ್. ಎಲ್‌ಎಸ್‌ಐ 1068ಇ ಚಿಪ್‌ನ ಹಳೆಯ ಕಾರ್ಡ್‌ಗಳು 2 ಟೆರಾಬೈಟ್ ಮೀರಿದ ಡಿಸ್ಕನ್ನು ಪೂರ್ತಿ ಗುರುತಿಸುವುದೇ ಇಲ್ಲ. ಅದಕ್ಕೆ ಸಾಫ್ಟ್‌ವೇರ್ ಪರಿಹಾರವಿಲ್ಲ.

ಎಂ.2 ಅಡಾಪ್ಟರ್‌ಗಳು

ಎನ್‌ವಿಎಂಇ (ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಲ್ಲೇ ನೇರವಾಗಿ ಓಡುವ) ಎಸ್‌ಎಸ್‌ಡಿ ಕೂರಿಸುವ ಸರಳ ಅಡಾಪ್ಟರ್‌ನಲ್ಲಿ ಕಂಟ್ರೋಲರ್ ಚಿಪ್ ಇರುವುದಿಲ್ಲ, ತಾಮ್ರದ ಗೆರೆಗಳಷ್ಟೇ. ಆದ್ದರಿಂದ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರನ್ನು ಹುಡುಕಿ ಫಲವಿಲ್ಲ, ಕಾಣಬೇಕಾದದ್ದು ಎಸ್‌ಎಸ್‌ಡಿ. ಅದು ಕಾಣದಿದ್ದರೆ ಎಸ್‌ಎಸ್‌ಡಿಯ ಲೇಬಲ್ ಓದಿ. ಎಂ.2 ಎಂಬುದು ಆಕಾರದ ಹೆಸರು; ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಗಳೂ ಇವೆ, ಅವು ಈ ಅಡಾಪ್ಟರ್‌ನಲ್ಲಿ ಏಳುವುದಿಲ್ಲ. ಎರಡು ಜಾಗವಿರುವ ಕೆಲವು ಅಡಾಪ್ಟರ್‌ಗಳಲ್ಲಿ ಒಂದು ಎನ್‌ವಿಎಂಇಗೆ, ಇನ್ನೊಂದು ಸಾಟಾಗೆ. ಸಾಟಾ ಜಾಗದಿಂದ ಮದರ್‌ಬೋರ್ಡಿಗೆ ಬೇರೆ ಸಾಟಾ ಕೇಬಲ್ ಎಳೆಯಲೇಬೇಕು.

ನಾಲ್ಕು ಎನ್‌ವಿಎಂಇ ಹಾಕುವ ದೊಡ್ಡ ಕಾರ್ಡ್ ತಂದು ಒಂದೇ ಎಸ್‌ಎಸ್‌ಡಿ ಕಾಣುತ್ತಿದ್ದರೆ ಕಾರ್ಡ್ ಕೆಟ್ಟಿಲ್ಲ. ಎಕ್ಸ್16 ಸ್ಲಾಟನ್ನು ನಾಲ್ಕು ನಾಲ್ಕು ಲೇನ್‌ಗಳಾಗಿ ಒಡೆಯಲು ಮದರ್‌ಬೋರ್ಡಿಗೆ ಬರಬೇಕು. ಬಯಾಸ್‌ನಲ್ಲಿ ‘ಬೈಫರ್ಕೇಷನ್’ ಎಂಬ ಆಯ್ಕೆ ಹುಡುಕಿ. ಆ ಆಯ್ಕೆಯೇ ಇಲ್ಲದಿದ್ದರೆ ತನ್ನ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಸ್ವಿಚ್ ಚಿಪ್ ಇರುವ, ದುಬಾರಿಯಾದ ಕಾರ್ಡ್ ಬೇಕಾಗುತ್ತದೆ. ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ಕಂಡರೂ ಅದರಿಂದ ಬೂಟ್ ಆಗದಿದ್ದರೆ, ಹಳೆಯ ಬಯಾಸ್‌ನಲ್ಲಿ ಎನ್‌ವಿಎಂಇ ಬೆಂಬಲ ಇಲ್ಲ ಎಂದರ್ಥ. ಅಪ್‌ಡೇಟ್ ಇಲ್ಲದಿದ್ದರೆ ಬೂಟ್ ಡ್ರೈವ್ ಸಾಟಾದಲ್ಲೇ ಇರಲಿ.

ನಡೆಯುತ್ತದೆ, ಆದರೆ ನಿಧಾನ ಅಥವಾ ಆಗಾಗ ಕಡಿದುಹೋಗುತ್ತದೆ

ಒಂದು ಲೇನ್‌ನ ವೇಗ ಪಿಸಿಐ ಎಕ್ಸ್‌ಪ್ರೆಸ್ 1.0ರಲ್ಲಿ ಸೆಕೆಂಡಿಗೆ 250 ಮೆಗಾಬೈಟ್, 2.0ರಲ್ಲಿ 500, 3.0ರಲ್ಲಿ ಸುಮಾರು 985. ಕಾರ್ಡ್ ಮತ್ತು ಸ್ಲಾಟ್‌ಗಳಲ್ಲಿ ಯಾವುದು ಹಳೆಯದೋ ಅದರ ವೇಗವೇ ಲೆಕ್ಕಕ್ಕೆ. ಆದ್ದರಿಂದ 10 ಗಿಗಾಬಿಟ್ ಯುಎಸ್‌ಬಿ ಕಾರ್ಡ್ ಎಕ್ಸ್1 ಸ್ಲಾಟ್‌ನಲ್ಲಿ ಪೂರ್ತಿ ವೇಗ ಕೊಡದಿದ್ದರೆ ಅದು ದೋಷವಲ್ಲ. ಸಾಟಾ ಕಾರ್ಡ್‌ಗಳಲ್ಲಿ ಎಎಸ್‌ಎಂ1166 ಆರು ಪೋರ್ಟ್, ಜೆಎಂಬಿ585 ಐದು ಪೋರ್ಟ್ ಕೊಡುತ್ತವೆ, ಎರಡಕ್ಕೂ 3.0ರ ಎರಡು ಲೇನ್ ಬೇಕು. ಎಕ್ಸ್1 ಅಂಚಿನ ಮೇಲೆ ಹತ್ತು, ಇಪ್ಪತ್ತು ಪೋರ್ಟ್ ತುಂಬಿದ ಕಾರ್ಡ್‌ಗಳಲ್ಲಿ ಒಳಗೆ ಒಂದು ಪೋರ್ಟನ್ನು ಹಲವು ಡಿಸ್ಕಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್ ಇರುತ್ತದೆ. ಒಂದು ಡಿಸ್ಕ್ ಮುನಿಸಿಕೊಂಡರೆ ಅದರ ಗುಂಪಿನ ಬೇರೆ ಡಿಸ್ಕ್‌ಗಳೂ ಕಡಿದುಹೋಗಬಹುದು. ಬೆಲೆಬಾಳುವ ಡೇಟಾ ಇಡಲು ಅಂಥ ಕಾರ್ಡನ್ನು ನಾನು ಯಾರಿಗೂ ಹೇಳುವುದಿಲ್ಲ.

ಡಿಸ್ಕ್ ಕಡಿದುಹೋಗುತ್ತಿದ್ದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯ 199ನೇ ಸಾಲು, ಸಿಆರ್‌ಸಿ ಎರರ್ ಎಣಿಕೆ (ಸಾಗುವಾಗ ಕೆಟ್ಟ ಡೇಟಾದ ಲೆಕ್ಕ), ನೋಡಿ. ಕೆಲವು ಪ್ರೋಗ್ರಾಂಗಳಲ್ಲಿ ಇದು ಸಿ7 ಎಂದು ಕಾಣುತ್ತದೆ. ಈ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಇದ್ದ ಅಂಕಿಗೆ ಹೆದರಬೇಡಿ. ಬರೆದಿಟ್ಟುಕೊಂಡು, ಒಂದು ದೊಡ್ಡ ಫೈಲ್ ನಕಲು ಮಾಡಿ ಮತ್ತೆ ನೋಡಿ. ಏರಿದ್ದರೆ ಡಿಸ್ಕಿನ ತಟ್ಟೆಯಲ್ಲಿ ತೊಂದರೆಯಿಲ್ಲ, ಡಿಸ್ಕ್ ಮತ್ತು ಕಾರ್ಡಿನ ನಡುವಿನ ದಾರಿಯಲ್ಲಿದೆ: ಕೇಬಲ್ ಬದಲಿಸಿ. ಹೊಸ ಡಿಸ್ಕನ್ನು ಹಾಳೆಂದು ತೀರ್ಮಾನಿಸಿ ಎಸೆಯುವ ಮುನ್ನ ಈ ಒಂದು ಸಾಲು ನೋಡಿದರೆ ಎಷ್ಟೋ ಡಿಸ್ಕ್‌ಗಳು ಉಳಿಯುತ್ತವೆ.

ಸ್ವಲ್ಪ ಹೊತ್ತು ಸುಮ್ಮನಿಟ್ಟ ಮೇಲೆ ಮಾತ್ರ ಮಾಯವಾದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡಿ. ಪವರ್ ಆಪ್ಷನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಅಡಿಯ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಆಫ್ ಮಾಡಿ. ಯುಎಸ್‌ಬಿ ಆದರೆ ‘ಸೆಲೆಕ್ಟಿವ್ ಸಸ್ಪೆಂಡ್’ ಕೂಡ. ಅರ್ಧ ಗಂಟೆ ಭಾರಿ ಕೆಲಸ ಮಾಡಿದ ಮೇಲೆ ಮಾಯವಾದರೆ ಬಿಸಿ ಕಾರಣ. ಸರ್ವರ್ ಎಸ್‌ಎಎಸ್ ಕಾರ್ಡ್‌ಗಳನ್ನು ಜೋರು ಗಾಳಿ ಹಾಯುವ ಪೆಟ್ಟಿಗೆಗೆಂದೇ ಮಾಡಿರುತ್ತಾರೆ, ಡೆಸ್ಕ್‌ಟಾಪ್‌ನಲ್ಲಿ ಹೀಟ್‌ಸಿಂಕ್ ಮೇಲೆ ಸಣ್ಣ ಫ್ಯಾನ್ ಬೇಕೇ ಬೇಕು.

ಯುಎಸ್‌ಬಿ 3.0 ಕಾರ್ಡ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸಿದರೆ ಅದಕ್ಕೂ ಕಾರಣವಿದೆ. ಯುಎಸ್‌ಬಿ 3.0 ಸಿಗ್ನಲ್ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು. ಮೌಸಿನ ರಿಸೀವರನ್ನು ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಮೇಜಿನ ಮುಂದಕ್ಕೆ ತನ್ನಿ.

ಕಾರ್ಡೇ ಕೆಟ್ಟಿದೆ ಎನ್ನುವುದು ಯಾವಾಗ?

ಎರಡು ಸ್ಲಾಟ್, ಎರಡು ಕೇಬಲ್, ಸರಿಯಿದೆ ಎಂದು ಗೊತ್ತಿರುವ ಒಂದು ಡಿಸ್ಕ್ ಇಷ್ಟರಲ್ಲೂ ದೋಷ ಕಾರ್ಡಿನ ಜೊತೆಗೇ ಓಡಾಡಬೇಕು. ಕೊನೆಯದಾಗಿ ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ. ಅಲ್ಲಿ ನಡೆದರೆ ನಿಮ್ಮ ಬೋರ್ಡಿಗೂ ಆ ಚಿಪ್‌ಗೂ ಹೊಂದುತ್ತಿಲ್ಲ, ಬಯಾಸ್ ಅಪ್‌ಡೇಟ್ ಹುಡುಕಿ ಇಲ್ಲವೇ ಬೇರೆ ಚಿಪ್‌ನ ಕಾರ್ಡ್ ತನ್ನಿ. ಅಲ್ಲೂ ಸತ್ತಿದ್ದರೆ ಹಿಂದಿರುಗಿಸಿ. ಕೊಡುವಾಗ ಯಾವ ಸ್ಲಾಟ್, ಯಾವ ಕೋಡ್, ಹಾರ್ಡ್‌ವೇರ್ ಐಡಿ ಏನಿತ್ತು ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಎಸ್‌ಎಸ್‌ಡಿ, ಡಿಸ್ಕ್‌ಗಳನ್ನು ಕಳಚಿಟ್ಟುಕೊಳ್ಳಿ.